ದಿಂಬಂ ಘಾಟಿಯೋ, ತೊಪ್ಪೂರಿನ ಇಳಿಜಾರೋ?

ತಮಿಳುನಾಡಿನ ಗಡಿಯ ತಾಳವಾಡಿಯಲ್ಲಿ ಎಲೆಕೋಸು ತುಂಬಿಕೊಂಡು ಕೊಯಮತ್ತೂರಿಗೆ ಹೊರಡುವ ಲಾರಿಗೆ ದಾರಿ ಯಾವುದೆಂದು ನಮ್ಮ ಕಡೆ ಯಾರೂ ಎರಡು ಸಲ ಯೋಚಿಸುವುದಿಲ್ಲ. ಹಾಸನೂರು ದಾಟಿ, ದಿಂಬಂ ಘಾಟಿಯ 27 ತಿರುವುಗಳನ್ನು ಇಳಿದು, ಬಣ್ಣಾರಿ ಅಮ್ಮನಿಗೆ ಕೈಮುಗಿದು ಸತ್ಯಮಂಗಲ ಸೇರುವುದೇ ರೂಢಿ. ಮಿತಿಯೊಳಗಿನ ಭಾರ ಹೊತ್ತ ಎರಡು ಆಕ್ಸಲ್‌ನ (ಮುಂದೊಂದು, ಹಿಂದೊಂದು ಅಚ್ಚಿನ) ಲಾರಿಗೆ ಅದು ಸರಿಯಾದ ದಾರಿಯೇ. ಚಾಮರಾಜನಗರದಿಂದ ಕರಿಕಲ್ಲು ಹೇರಿಕೊಂಡ ಬಹುಚಕ್ರದ ಗಾಡಿಯ ಲೆಕ್ಕ ಬೇರೆ. 2022ರಲ್ಲಿ ಮದ್ರಾಸ್ ಹೈಕೋರ್ಟಿನ ಆದೇಶದಂತೆ ಈ ಘಾಟಿಯಲ್ಲಿ ಭಾರಿ ವಾಹನಗಳಿಗೆ ಸಂಜೆ 6ರಿಂದ ಬೆಳಿಗ್ಗೆ 6ರವರೆಗೆ ನಿಷೇಧ ಜಾರಿಗೆ ಬಂತು, 16.2 ಟನ್ ಮೀರಿದ ಲಾರಿಗಳಿಗೆ ಹಗಲಲ್ಲೂ ತಡೆ ಬಿತ್ತು. ಅಂಥವರು ಬೆಂಗಳೂರಿನ ಕಡೆಗೆ ಸುತ್ತಿ, ಹೊಸೂರು, ಕೃಷ್ಣಗಿರಿ, ಧರ್ಮಪುರಿ, ತೊಪ್ಪೂರು, ಸೇಲಂ ಮಾರ್ಗವಾಗಿ ಮೂರು ಪಟ್ಟಿಗೂ ಹೆಚ್ಚು ದೂರ ಓಡಬೇಕಾಗುತ್ತದೆ. ಸುತ್ತಾದರೂ ಸುಲಭ ಎಂದು ಎಲ್ಲರೂ ನಂಬಿರುವ ಈ ಎರಡನೆಯ ದಾರಿಯ ಬಗ್ಗೆಯೇ, ಚಾಲಕರಿಗೆ ತರಬೇತಿ ಕೊಡುವ ನಾನು ಹೆಚ್ಚು ಹೊತ್ತು ಮಾತನಾಡುತ್ತೇನೆ.

ಘಾಟಿಯ ದಾರಿ ಆರಿಸುವಾಗ ಮಾಲೀಕರು ಲೆಕ್ಕ ಹಾಕುವುದು ಏರನ್ನು: ಎಷ್ಟು ಡೀಸೆಲ್ ಕುಡಿಯುತ್ತದೆ, ಎಷ್ಟು ಹೊತ್ತು ಹಿಡಿಯುತ್ತದೆ, ಎಂಜಿನ್ ಬಿಸಿಯಾಗುತ್ತದೆಯೇ ಎಂದು. ಏರಿನಲ್ಲಿ ಸೋತ ಲಾರಿ ಹೆಚ್ಚೆಂದರೆ ರಸ್ತೆಗೆ ಅಡ್ಡವಾಗಿ ನಿಂತು ಹಿಂದಿನವರ ಬೈಗುಳ ತಿನ್ನುತ್ತದೆ. ಲೆಕ್ಕ ಹಾಕಬೇಕಾದದ್ದು ಇಳಿಜಾರನ್ನು. 16 ಟನ್ ತೂಗುವ ಲಾರಿ ವೇಗ ಹೆಚ್ಚಿಸಿಕೊಳ್ಳದೆ 100 ಮೀಟರ್ ಎತ್ತರವನ್ನು ಇಳಿದರೆ ಅದು ಕಳೆದುಕೊಳ್ಳುವ ಶಕ್ತಿಯಿಂದ 45 ಲೀಟರಿಗೂ ಹೆಚ್ಚು ತಣ್ಣೀರನ್ನು ಕುದಿಯುವ ತನಕ ಕಾಯಿಸಬಹುದು. ಗೇರು ಸಣ್ಣದಾದಷ್ಟೂ ಎಂಜಿನ್ನೇ ಲಾರಿಯನ್ನು ಹೆಚ್ಚು ತಡೆದು ಹಿಡಿಯುತ್ತದೆ; ಹಾಗೆ ತಡೆದು ಮಿಕ್ಕ ಕಾವಿನ ಬಹುಪಾಲು ಬ್ರೇಕ್ ಡ್ರಮ್ಮುಗಳಿಗೆ ಹೋಗುತ್ತದೆ. ಕಾದ ಡ್ರಮ್ಮು ಹಿಗ್ಗಿ, ಅದನ್ನು ಒಳಗಿನಿಂದ ಒತ್ತಿ ಹಿಡಿಯುವ ಲೈನಿಂಗಿನಿಂದ ದೂರ ಸರಿಯುತ್ತದೆ, ಲೈನಿಂಗಿನ ಹಿಡಿತವೂ ಸಡಿಲುತ್ತದೆ. ಗಾಬರಿಗೊಂಡ ಚಾಲಕ ಪೆಡಲನ್ನು ಮತ್ತೆ ಮತ್ತೆ ಒತ್ತಿದಷ್ಟೂ, ಬ್ರೇಕನ್ನು ನಡೆಸುವ ಟ್ಯಾಂಕಿನ ಗಾಳಿಯ ಒತ್ತಡ ಇಳಿಯುತ್ತದೆ.

ದಿಂಬಂನಲ್ಲಿ ಈ ಕಾವು ಹುಟ್ಟುವುದಿಲ್ಲವೆಂದಲ್ಲ. ಆದರೆ ಅಲ್ಲಿ ಪ್ರತಿ ತಿರುವೂ ವೇಗವನ್ನು ತಾನೇ ಕಡಿಮೆ ಮಾಡಿಸುತ್ತದೆ. ಹೆದರಿಕೆಯಿಂದಲೇ ಚಾಲಕ ಸಣ್ಣ ಗೇರಿನಲ್ಲಿ ಇರುತ್ತಾನೆ. ಅಲ್ಲಿನ ತೊಂದರೆ ಉದ್ದದ್ದು: ಹಿಂದಿನ ಚಕ್ರಗಳು ಮುಂದಿನವು ಹೋದ ಜಾಡಿನಲ್ಲಿ ಹೋಗದೆ ಒಳಮೈಗೆ ಕೊಯ್ದುಕೊಂಡು ಬರುವುದರಿಂದ, ಉದ್ದದ ಗಾಡಿ ಇಡೀ ರಸ್ತೆಯನ್ನೇ ಕೇಳುತ್ತದೆ. ಕೆಳಗಿನಿಂದ ಏರಿ ಬರುವವರಿಗೆ ಮೊದಲು ದಾರಿ ಬಿಡಬೇಕೆಂಬ ನಿಯಮ ಮರೆತ ಒಬ್ಬನಿದ್ದರೆ ಸಾಕು, ಗಂಟೆಗಟ್ಟಲೆ ಎರಡೂ ಕಡೆ ಸಾಲು.

ತೊಪ್ಪೂರಿನಲ್ಲಿ ಇಂಥ ಹೆದರಿಕೆಯೇ ಇಲ್ಲ. ರಾಷ್ಟ್ರೀಯ ಹೆದ್ದಾರಿ 44ರ ಅಗಲವಾದ ರಸ್ತೆ, ಕಣ್ಣಿಗೆ ಸಪಾಟಾಗಿ ಕಾಣುವ ದೀರ್ಘ ಇಳಿಜಾರು. ಧರ್ಮಪುರಿಯಿಂದ ಸೇಲಂ ಕಡೆಗೆ ಇಳಿಯುವವರು ಅಲ್ಲಿಯವರೆಗೆ ಬಂದ ದೊಡ್ಡ ಗೇರಿನಲ್ಲೇ ಮುಂದುವರಿಯುತ್ತಾರೆ, ಕೆಲವರು ಡೀಸೆಲ್ ಉಳಿಸಲು ನ್ಯೂಟ್ರಲ್‌ಗೂ ಹಾಕುತ್ತಾರೆ. ಇದು ತಪ್ಪು ಲೆಕ್ಕ. ಈಗಿನ ಎಲೆಕ್ಟ್ರಾನಿಕ್ ಎಂಜಿನ್‌ಗಳು ಗೇರಿನಲ್ಲಿದ್ದು ಆಕ್ಸಿಲರೇಟರ್ ಬಿಟ್ಟಾಗ ಇಂಧನ ಪೂರೈಕೆಯನ್ನೇ ನಿಲ್ಲಿಸುತ್ತವೆ. ನ್ಯೂಟ್ರಲ್‌ನಲ್ಲಿ ಮಾತ್ರ ಐಡ್ಲಿಂಗಿಗೆ ಡೀಸೆಲ್ ಬೇಕಾಗುತ್ತದೆ. ದಿಂಬಂ ಇಳಿದು ಇಳಿದು ಕೈ ಪಳಗಿದ ನಮ್ಮೂರಿನ ಹಿರಿಯ ಚಾಲಕರೊಬ್ಬರು ಮೊದಲ ಸಲ ಡ್ರಮ್ಮಿನ ಹೊಗೆ ಕಂಡದ್ದು ತೊಪ್ಪೂರಿನಲ್ಲೇ.

ಆದ್ದರಿಂದ ಸೇಲಂ ದಾರಿ ಆರಿಸುವವರಿಗೆ ನಾನು ಹೇಳುವುದು ಇಷ್ಟು. ಗೇರನ್ನು ಇಳಿಜಾರಿನ ತಲೆಯಲ್ಲೇ ತಗ್ಗಿಸಿಕೊಳ್ಳಬೇಕು. ವೇಗ ಹಿಡಿದ ಮೇಲೆ ಸಣ್ಣ ಗೇರು ಬೀಳುವುದಿಲ್ಲ, ಬೀಳಿಸಲು ಹೋದರೆ ನ್ಯೂಟ್ರಲ್‌ನಲ್ಲೇ ಸಿಕ್ಕಿಕೊಳ್ಳುತ್ತದೆ. ಏರಿದ ಗೇರಿನಲ್ಲೇ ಇಳಿ ಎಂಬ ಹಳಬರ ಮಾತು ಹಳೆಯ ಎಂಜಿನ್‌ಗಳಿಗೆ ಸರಿಯಿತ್ತು. ಇಂದಿನ ಬಲಶಾಲಿ ಎಂಜಿನ್ ದೊಡ್ಡ ಗೇರಿನಲ್ಲೇ ಏರಿಬಿಡುವುದರಿಂದ, ಇಳಿಯಲು ಅದಕ್ಕಿಂತ ಸಣ್ಣದು ಬೇಕು. ಎಂಜಿನ್ನಿನ ಹೊಗೆಯ ದಾರಿಯನ್ನು ಅಡ್ಡಗಟ್ಟಿ ವೇಗ ತಗ್ಗಿಸುವ ಎಕ್ಸಾಸ್ಟ್ ಬ್ರೇಕ್ ಸಹ ಎಂಜಿನ್ ಜೋರಾಗಿ ತಿರುಗುತ್ತಿದ್ದಾಗಲೇ ಚೆನ್ನಾಗಿ ಹಿಡಿಯುತ್ತದೆ. ಡ್ರಮ್ಮು ಕಾದಿದೆಯೆಂದು ಅನ್ನಿಸಿದರೆ ಹಿಡಿತ ಇರುವಾಗಲೇ ಸಮತಟ್ಟಾದ ಜಾಗ ನೋಡಿ ನಿಲ್ಲಿಸಿ, ಚಕ್ರದಡಿಗೆ ಮರದ ತುಂಡು ಕೊಟ್ಟು, ತಾನಾಗಿ ಆರಲು ಬಿಡಬೇಕು. ನೀರು ಎರಚಿದರೆ ಡ್ರಮ್ಮು ಸೀಳಬಹುದು.

ದಿಂಬಂಗೆ ಅರ್ಹವಾದ ಲಾರಿಯವರಿಗೆ ದಾರಿಗಿಂತ ಹೊತ್ತಿನ ಆಯ್ಕೆ ಮುಖ್ಯ. ಬೆಳಿಗ್ಗೆ 6ಕ್ಕೆ ಚೆಕ್‌ಪೋಸ್ಟ್ ತೆರೆದೊಡನೆ ರಾತ್ರಿಯಿಡೀ ಕಾದವರೆಲ್ಲ ಒಟ್ಟಿಗೆ ನುಗ್ಗುತ್ತಾರೆ. ಆ ಸಾಲಿನಲ್ಲಿ ಮುಂದಿನವನು ನಿಂತಾಗಲೆಲ್ಲ ನಾವೂ ಬ್ರೇಕ್ ಒತ್ತಬೇಕು, ಕಾವು ಏರುತ್ತಲೇ ಹೋಗುತ್ತದೆ. ಕೋಸು ಒಂದು ಗಂಟೆಯಲ್ಲಿ ಬಾಡುವುದಿಲ್ಲ. ಹಾಸನೂರಿನಲ್ಲಿ ಚಹಾ ಕುಡಿದು ಏಳು ಗಂಟೆಗೆ ಇಳಿಯಲು ಶುರುಮಾಡಿ ಎಂದು ನಮ್ಮ ಹುಡುಗರಿಗೆ ಹೇಳುತ್ತೇನೆ.