ನಿಮ್ಮನ್ನು ಬಿಟ್ಟರೆ ಇದನ್ನು ತೆರೆಯೋರು ಯಾರು?

ದಾವಣಗೆರೆಯಲ್ಲಿ ಕ್ಲಿನಿಕ್, ಅಂಗಡಿ, ಆಡಿಟರ್ ಆಫೀಸುಗಳ ಕಂಪ್ಯೂಟರ್ ನೋಡಿಕೊಳ್ಳುವುದು ನನ್ನ ಕೆಲಸ. ಈಚೆಗೆ ಮನೆಗಳಿಂದಲೂ ಫೋನ್ ಬರುತ್ತಿದೆ. "ಸರ್, ಮನೇಲೇ ಒಂದು ಫೋಟೋ ಸರ್ವರ್ ಮಾಡ್ಕೊಡ್ರಿ. ಅಪ್ಪ-ಅಮ್ಮನ ಫೋಟೋ, ವಿಡಿಯೋ ಎಲ್ಲಾ ಮಕ್ಕಳಿಗೆ ಉಳೀಬೇಕು." ಸರ್ವರ್ ಅಂದರೆ ಮನೆಯವರೆಲ್ಲರ ಫೋಟೋ ಇಟ್ಟುಕೊಂಡು ಸದಾ ಓಡುತ್ತಿರುವ ಒಂದು ಕಂಪ್ಯೂಟರ್. ಕೇಳುವ ಕಾರಣ ಗೊತ್ತಿರೋದೇ. ಗೂಗಲ್ ಫೋಟೋಸ್‌ನಲ್ಲಿ ಮಿತಿಯಿಲ್ಲದ ಪುಕ್ಕಟೆ ಜಾಗ 2021ರ ಜೂನ್‌ಗೆ ನಿಂತುಹೋಯಿತು. ಈಗ ಜಿಮೇಲ್, ಡ್ರೈವ್ ಎಲ್ಲಾ ಸೇರಿ 15 ಜಿಬಿ. ಎರಡು ವರ್ಷ ಯಾರೂ ಬಳಸದ ಖಾತೆಯನ್ನು ಅಳಿಸಬಹುದು ಎಂಬ ನಿಯಮವೂ ಬಂದಿದೆ. ತೀರಿಹೋದವರ ಖಾತೆಯನ್ನು ಯಾರು ಬಳಸ್ತಾರೆ?

ಸರ್ವರ್ ಹಾಕುವುದು ದೊಡ್ಡ ಕೆಲಸವಲ್ಲ. ಇಮಿಚ್ ಎಂಬ ಓಪನ್ ಸೋರ್ಸ್ ಸಾಫ್ಟ್‌ವೇರ್ ಪುಕ್ಕಟೆ ಸಿಗುತ್ತದೆ. 8 ಜಿಬಿ ರ‍್ಯಾಮ್ ಇರುವ, ತೀರಾ ಹಳೆಯದಲ್ಲದ ಕಂಪ್ಯೂಟರ್ ಸಾಕು. ಫೋನಿನ ಫೋಟೋಗಳು ತಾವಾಗಿಯೇ ಬಂದು ಸೇರುತ್ತವೆ. ಮುಖ ಗುರುತಿಸುವ ಕೆಲಸವೂ ಅದೇ ಕಂಪ್ಯೂಟರಿನಲ್ಲಿ ನಡೆಯುತ್ತದೆ. ಒಂದು ಯುಪಿಎಸ್ ಇರಲಿ. ತಗಡಿನ ಶೀಟ್ ಹಾಕಿದ ಕೋಣೆಯಲ್ಲಿ ಮಾತ್ರ ಇಡಬೇಡಿ, ನಮ್ಮೂರಿನ ಏಪ್ರಿಲ್ ಹಾರ್ಡ್ ಡಿಸ್ಕ್‌ಗೆ ಆಗಿಬರಲ್ಲ.

ನಾನು ಮೊದಲು ಕೇಳುವುದು ಬೇರೆ. ನಿಮ್ಮನ್ನು ಬಿಟ್ಟರೆ ಇದನ್ನು ತೆರೆಯೋಕೆ ಮನೆಯಲ್ಲಿ ಇನ್ಯಾರಿಗೆ ಬರುತ್ತೆ?

ವಿದ್ಯಾನಗರದ ಒಂದು ಮನೆಯಿಂದ ಕರೆ ಬಂದಿತ್ತು. ಯಜಮಾನರು ಕಂಪ್ಯೂಟರ್ ಚೆನ್ನಾಗಿ ಬಲ್ಲವರು, ಎಲ್ಲವನ್ನೂ ತಾವೇ ಕೂಡಿಸಿದ್ದರು. ಅವರು ತೀರಿಕೊಂಡ ಮೇಲೂ ಸರ್ವರ್ ಓಡುತ್ತಲೇ ಇತ್ತು. ಒಂದು ದಿನ ಕರೆಂಟ್ ಹೋಗಿ ಬಂತು. ಮತ್ತೆ ಶುರುವಾದಾಗ ಅದು ಡಿಸ್ಕಿನ ಪಾಸ್‌ವರ್ಡ್ ಕೇಳಿತು. ಎನ್‌ಕ್ರಿಪ್ಟ್ ಮಾಡಿದ ಡಿಸ್ಕ್, ಅಂದರೆ ಪಾಸ್‌ವರ್ಡ್ ಇಲ್ಲದೆ ಯಾರೂ ಓದಲಾಗದಂತೆ ಬೀಗ ಹಾಕಿದ್ದು. ಪಾಸ್‌ವರ್ಡ್ ಇದ್ದದ್ದು ಅವರ ತಲೆಯಲ್ಲಿ. "ಏನಾದ್ರೂ ಮಾಡೋಕಾಗಲ್ವಾ ಅಣ್ಣ?" ಅಂದರು ಅವರ ಮನೆಯವರು. ಆಗಲ್ಲ. ಎನ್‌ಕ್ರಿಪ್ಶನ್ ಇರುವುದೇ ಅದಕ್ಕೆ.

ಹಾಗಾಗಿ ಮನೆಯ ನೆನಪುಗಳಿರುವ ಡಿಸ್ಕನ್ನು ಎನ್‌ಕ್ರಿಪ್ಟ್ ಮಾಡಬೇಡಿ ಅನ್ನುತ್ತೇನೆ. ನನ್ನ ಕಸುಬಿನ ಕೆಲವರು ಇದಕ್ಕೆ ಬೈಯ್ತಾರೆ, ಬೈಯಲಿ. ನಿಮ್ಮ ಮದುವೆ ವಿಡಿಯೋ ಕಟ್ಟಿಕೊಂಡು ಕಳ್ಳನಿಗೆ ಏನಾಗಬೇಕು? ಆಧಾರ್, ಬ್ಯಾಂಕ್ ಕಾಗದಗಳನ್ನು ಮಾತ್ರ ಅದೇ ಡಿಸ್ಕಿನಲ್ಲಿ ತುರುಕಬೇಡಿ.

ಎರಡನೆಯದು, ಸಾಫ್ಟ್‌ವೇರ್ ಇಲ್ಲದೆಯೂ ಫೋಟೋ ಸಿಗಬೇಕು. ಇಮಿಚ್ ಸುಮ್ನೆ ಹಾಕಿ ಬಿಟ್ಟರೆ ಫೈಲುಗಳನ್ನು ಅರ್ಥವಾಗದ ಉದ್ದುದ್ದ ಹೆಸರಿನ ಫೋಲ್ಡರ್‌ಗಳಲ್ಲಿ ಇಡುತ್ತದೆ. 'ಸ್ಟೋರೇಜ್ ಟೆಂಪ್ಲೇಟ್' ಎಂಬ ಸೆಟ್ಟಿಂಗ್ ಆನ್ ಮಾಡಿದರೆ ವರ್ಷ, ತಿಂಗಳ ಪ್ರಕಾರ ಜೋಡಿಸುತ್ತದೆ. ಆಮೇಲೆ ಡಿಸ್ಕ್ ಕಳಚಿ ಬೇರೆ ಕಂಪ್ಯೂಟರಿಗೆ ಹಾಕಿದರೂ ಹುಡುಕಬಹುದು. ಮುಖಗಳಿಗೆ ನೀವು ಕೊಟ್ಟ ಹೆಸರು ಉಳಿಯುವುದು ಡೇಟಾಬೇಸಿನಲ್ಲಿ, ಅಂದರೆ ಇಮಿಚ್ ತನಗಾಗಿ ಬರೆದಿಟ್ಟುಕೊಳ್ಳುವ ಲೆಕ್ಕದ ಪುಸ್ತಕದಲ್ಲಿ ಮಾತ್ರ. ಅದರ ಒಂದು ಪ್ರತಿಯನ್ನು ಇಮಿಚ್ ದಿನಾ ರಾತ್ರಿ 2 ಗಂಟೆಗೆ ತಾನೇ ತೆಗೆದಿಡುತ್ತದೆ, ಬ್ಯಾಕಪ್‌ನಲ್ಲಿ ಆ ಫೋಲ್ಡರೂ ಸೇರಿರಬೇಕು. ಫೋಟೋದ ವಿವರಣೆಯಲ್ಲಿ ಬರೆದದ್ದು ಮಾತ್ರ ಫೋಟೋ ಪಕ್ಕದಲ್ಲೇ ಒಂದು ಪುಟ್ಟ ಫೈಲಾಗಿ ಕೂರುತ್ತದೆ. ಅದಕ್ಕೇ ಮುಖ್ಯ ಫೋಟೋಗಳಿಗೆ ವಿವರಣೆಯನ್ನೂ ಬರೆಯಿರಿ: 'ದೊಡ್ಡಪ್ಪ, ಕಾಟನ್ ಮಿಲ್ಲಿನ ಗೇಟಿನ ಮುಂದೆ'.

ಧ್ವನಿಯದ್ದು ಇನ್ನೊಂದು ಕಥೆ. ಇಮಿಚ್ ಫೋಟೋ, ವಿಡಿಯೋ ಬಿಟ್ಟು ಆಡಿಯೋ ತಗೊಳ್ಳಲ್ಲ. ಅಜ್ಜಿಯ ವಾಟ್ಸಾಪ್ ವಾಯ್ಸ್ ನೋಟ್ ಫೋನಿನಲ್ಲಿ 'ಪಿಟಿಟಿ-20190412-ಡಬ್ಲ್ಯೂಎ0007' ಅಂತ ಏನೋ ಒಂದು ಹೆಸರಲ್ಲಿ ಬಿದ್ದಿರುತ್ತದೆ. ತಾರೀಖು ಇದೆ, ಮಾತಾಡಿದ್ದು ಯಾರು ಅಂತ ಇಲ್ಲ. ಹಾಲಿನವನದ್ದು, ಆಫೀಸಿನದ್ದು, ಅಜ್ಜಿಯದ್ದು ಎಲ್ಲಾ ಒಂದೇ ಫೋಲ್ಡರಿನಲ್ಲಿ. ಅಜ್ಜಿಯ ಚಾಟ್ ತೆರೆದು, ಮೀಡಿಯಾ ಸಮೇತ 'ಎಕ್ಸ್‌ಪೋರ್ಟ್ ಚಾಟ್' ಮಾಡಿ. ಯಾರು ಯಾವಾಗ ಕಳಿಸಿದ್ದು ಅನ್ನುವುದು ಜೊತೆಗೇ ಬರುತ್ತದೆ. ಅದನ್ನು ಅಜ್ಜಿಯ ಹೆಸರಿನ ಫೋಲ್ಡರ್‌ಗೆ ಹಾಕಿ.

ಆಮೇಲೆ ಒಂದು ಹಾಳೆ. ಕನ್ನಡದಲ್ಲಿ, ಕೈಯಲ್ಲೇ ಬರೆದದ್ದು. ಯಾವ ಡಬ್ಬ, ಯಾವ ಸ್ವಿಚ್, ಬ್ರೌಸರಿನಲ್ಲಿ ಯಾವ ವಿಳಾಸ, ಪಾಸ್‌ವರ್ಡ್, ಬ್ಯಾಕಪ್ ಡಿಸ್ಕ್ ಯಾರ ಮನೆಯಲ್ಲಿದೆ. ಎಲ್‌ಐಸಿ ಬಾಂಡ್ ಇಡುವ ಬೀರುವಿನಲ್ಲೇ ಇದೂ ಇರಲಿ. ಬ್ಯಾಕಪ್ ಡಿಸ್ಕ್ ಅದೇ ಮನೆಯಲ್ಲಿ ಬೇಡ. ಚಿತ್ರದುರ್ಗದಲ್ಲಿ ತಂಗಿ ಇದ್ದರೆ ಅಲ್ಲಿಡಿ, ಹಬ್ಬಕ್ಕೆ ಹೋದಾಗ ಬದಲಾಯಿಸಿಕೊಂಡು ಬನ್ನಿ.

ವರ್ಷಕ್ಕೊಮ್ಮೆ ಆ ಹಾಳೆಯನ್ನು ಹೆಂಡತಿ ಕೈಗೋ ಮಗಳ ಕೈಗೋ ಕೊಟ್ಟು, ಅಪ್ಪನ ಒಂದು ಫೋಟೋ ತೆಗೆದು ತೋರಿಸು ಅನ್ನಿ. ನೀವು ಬಾಯಿ ಹಾಕಬೇಡಿ. ಎಲ್ಲಿ ತಡವರಿಸುತ್ತಾರೋ ಆ ಸಾಲನ್ನು ತಿದ್ದಿ ಬರೆಯಿರಿ.

ಇಷ್ಟೆಲ್ಲಾ ರಗಳೆ ಬೇಡ ಅನ್ನುವವರಿಗೆ ನಾನು ಸರ್ವರ್ ಹಾಕಿಕೊಡಲ್ಲ. ಗೂಗಲ್ ಖಾತೆಯಲ್ಲಿ 'ಇನ್ಯಾಕ್ಟಿವ್ ಅಕೌಂಟ್ ಮ್ಯಾನೇಜರ್' ಇದೆ. ನೀವು ಹೇಳಿದಷ್ಟು ತಿಂಗಳು ಖಾತೆ ಸುಮ್ಮನಿದ್ದರೆ, ನೀವು ಆರಿಸಿದವರಿಗೆ ಅದು ತಿಳಿಸುತ್ತದೆ, ಫೋಟೋ ಇಳಿಸಿಕೊಳ್ಳಲು ಬಿಡುತ್ತದೆ. ಹತ್ತು ಜನರವರೆಗೆ ಹೆಸರಿಸಬಹುದು. ಜೊತೆಗೆ ಒಂದು ಹಾರ್ಡ್ ಡಿಸ್ಕ್ ತಗೊಂಡು ಮುಖ್ಯವಾದ ಫೋಟೋಗಳನ್ನು ಅದರಲ್ಲೂ ಇಟ್ಟರೆ ಅವರಿಗೆ ಅಷ್ಟು ಸಾಕು.