ಮೊದಲ ದಿನ ಬೇಕಾಗುವುದು ರಿಜಿಸ್ಟರ್
ಯುದ್ಧದಿಂದ ಓಡಿಬಂದ ಮಕ್ಕಳಿರುವ ಶಿಬಿರಕ್ಕೆ ಜನ ಮೊದಲು ಕಳಿಸುವುದು ಆಟಿಕೆ, ಬಟ್ಟೆ, ಬಿಸ್ಕತ್ತು. ಬೇಡ ಅನ್ನುವುದಿಲ್ಲ. ಆದರೆ ಮಕ್ಕಳ ರಕ್ಷಣೆಯ ಕೆಲಸ ಮಾಡುವವರನ್ನು ಕೇಳಿ ನೋಡಿ. ಮೊದಲ ದಿನ ನಮಗೆ ಬೇಕಾಗುವುದು ಒಂದು ರಿಜಿಸ್ಟರ್, ಜೊತೆಗೆ ತಾಳ್ಮೆಯಿಂದ ಕೇಳಿ ಬರೆದುಕೊಳ್ಳುವ ಒಬ್ಬರು.

ಒಂಟಿ ಮಗು ಕಂಡ ಕೂಡಲೇ ನಾವು ಅನಾಥ ಅಂದುಬಿಡುತ್ತೇವೆ. ಎಷ್ಟೋ ಸಲ ಅದು ನಿಜವಲ್ಲ. ನೂಕುನುಗ್ಗಲಿನಲ್ಲಿ ಕೈ ತಪ್ಪಿರುತ್ತದೆ, ಅಮ್ಮ ಇನ್ನೊಂದು ಶಿಬಿರದಲ್ಲಿ ಹುಡುಕುತ್ತಿರುತ್ತಾಳೆ. 1994ರ ರುವಾಂಡಾ ನರಮೇಧದ ನಂತರ ಒಂದು ಲಕ್ಷಕ್ಕೂ ಹೆಚ್ಚು ಮಕ್ಕಳು ಮನೆಯವರಿಂದ ಬೇರೆಯಾಗಿದ್ದರು. ರೆಡ್ ಕ್ರಾಸ್, ಯುನಿಸೆಫ್ ಮುಂತಾದ ಸಂಸ್ಥೆಗಳು ಮಕ್ಕಳ ವಿವರ ಬರೆದುಕೊಂಡು, ಹೆಸರು ಹೇಳಲೂ ಬಾರದ ಕೂಸುಗಳ ಫೋಟೊ ತೋರಿಸಿ ಮನೆಯವರನ್ನು ಹುಡುಕಿದವು. ಸಾವಿರಾರು ಮಕ್ಕಳು ಮನೆ ಸೇರಿದರು.

ಹುಡುಕಲು ಸುಳಿವು ಬೇಕಲ್ವಾ? ನಾಲ್ಕು ವರ್ಷದ ಮಗುವಿಗೆ ಅಪ್ಪನ ಹೆಸರು ಕೇಳಿದರೆ ‘ಅಪ್ಪ’ ಅಂತಲೇ ಹೇಳುತ್ತದೆ. ಹಾಗಾಗಿ ಬೇರೆ ಥರ ಕೇಳುತ್ತೇವೆ. ಅಜ್ಜಿ ನಿಮ್ಮಮ್ಮನನ್ನು ಏನಂತ ಕೂಗುತ್ತಾಳೆ? ಬಾಗಿಲಲ್ಲಿ ನಿಂತರೆ ಎದುರಿಗೆ ಏನು ಕಾಣುತ್ತದೆ? ನೀರು ಎಲ್ಲಿಂದ ತರುತ್ತಿದ್ದಿರಿ? ಉತ್ತರವನ್ನು ಮಗುವಿನ ಮಾತಿನಲ್ಲೇ ಬರೆಯಬೇಕು, ತಿದ್ದಬಾರದು. ಸಿಕ್ಕಾಗ ಹಾಕಿಕೊಂಡಿದ್ದ ಬಟ್ಟೆಯನ್ನು ಎಸೆಯಲೂಬಾರದು. ಆ ಹರಿದ ಅಂಗಿಯ ಬಣ್ಣವನ್ನೇ ತಾಯಿ ಹೇಳಿಕೊಂಡು ಅಲೆಯುತ್ತಿರಬಹುದು.

ಇದೇ ವಿವರ ಊರಿಗೆಲ್ಲ ಗೊತ್ತಾದರೆ ಅಪಾಯ. ಮಗುವಿನ ಫೋಟೊ, ಅಪ್ಪ ಅಮ್ಮನ ಹೆಸರು, ಶಿಬಿರದ ಜಾಗ ಎಲ್ಲ ಫೇಸ್‌ಬುಕ್ಕಿಗೆ ಹಾಕಿದರೆ, ಮಕ್ಕಳನ್ನು ಮಾರುವವನೂ ‘ನಾನು ಚಿಕ್ಕಪ್ಪ’ ಅಂತ ಬಂದು ನಿಲ್ಲಬಹುದು. ಬಂದವರನ್ನೂ ಮಗುವನ್ನೂ ಬೇರೆ ಬೇರೆ ಕೂರಿಸಿ ಅವವೇ ಪ್ರಶ್ನೆ ಕೇಳುತ್ತೇವೆ. ಉತ್ತರ ತಾಳೆಯಾಗದಿದ್ದರೆ ಕಳಿಸುವುದಿಲ್ಲ, ಎಷ್ಟು ಅತ್ತರೂ. ದತ್ತು ಕೇಳುವವರಿಗೂ ಸದ್ಯಕ್ಕೆ ಇಲ್ಲ ಅಂತಲೇ ಹೇಳಬೇಕಾಗುತ್ತದೆ. ಒಳ್ಳೆ ಮನಸ್ಸಿನವರಿಗೆ ಬೇಜಾರಾಗುತ್ತದೆ, ನಿಜ. ಎರಡನೇ ಮಹಾಯುದ್ಧದಲ್ಲಿ ಲಂಡನ್ನಿನ ಮಕ್ಕಳನ್ನು ನೋಡಿಕೊಂಡ ಅನ್ನಾ ಫ್ರಾಯ್ಡ್ ಮತ್ತು ಡೊರೊಥಿ ಬರ್ಲಿಂಗ್‌ಹ್ಯಾಮ್ ಕಂಡದ್ದು ಇದು: ಪುಟ್ಟ ಮಕ್ಕಳನ್ನು ಬಾಂಬಿಗಿಂತ ಜಾಸ್ತಿ ಅಲುಗಾಡಿಸಿದ್ದು ಅಮ್ಮನ ಅಗಲಿಕೆ.

ಶಾಲೆ ಯಾವಾಗ ಶುರು ಮಾಡಬೇಕು? ಡೇರೆ ಎದ್ದ ಕೂಡಲೇ. ದಿನಾ ಅದೇ ಹೊತ್ತು, ಅದೇ ಟೀಚರ್, ಅಷ್ಟಿದ್ದರೂ ಬಹಳಷ್ಟು ಮಕ್ಕಳು ನಿಧಾನಕ್ಕೆ ಸುಧಾರಿಸಿಕೊಳ್ಳುತ್ತಾರೆ. ಯುದ್ಧದ ಚಿತ್ರ ಬರಿ ಅಂತ ಮಾತ್ರ ಸುಮ್ನೆ ಒತ್ತಾಯಿಸಬೇಡಿ. ಇಲ್ಲೂ ನನ್ನ ಕಣ್ಣು ಹಾಜರಿ ಪುಸ್ತಕದ ಮೇಲೆಯೇ. ಮೂರು ದಿನದಿಂದ ಬಾರದ ಹುಡುಗ ಕೂಲಿಗೆ ಹೋಗಿರಬಹುದು, ಬಂದೂಕಿನವರ ಜೊತೆ ಸೇರಿರಬಹುದು. ಹುಡುಗಿಯಾದರೆ ಮದುವೆಯ ಮಾತು ನಡೆದಿರಬಹುದು. ಮೊದಲ ಸುಳಿವು ಸಿಗುವುದು ಹಾಜರಿ ಪುಸ್ತಕದ ಆ ಖಾಲಿ ಚೌಕದಲ್ಲಿ.

1951ರ ನಿರಾಶ್ರಿತರ ಒಪ್ಪಂದದ 22ನೇ ವಿಧಿಯ ಪ್ರಕಾರ, ಪ್ರಾಥಮಿಕ ಶಿಕ್ಷಣದಲ್ಲಿ ನಿರಾಶ್ರಿತ ಮಗುವನ್ನೂ ಸ್ಥಳೀಯ ಮಗುವಿನಂತೆಯೇ ಕಾಣಬೇಕು. ಆದರೂ ಶಾಲೆಯ ವಯಸ್ಸಿನ ನಿರಾಶ್ರಿತ ಮಕ್ಕಳಲ್ಲಿ ಸುಮಾರು ಅರ್ಧದಷ್ಟು ಹೊರಗೇ ಇದ್ದಾರೆ. ಒಳಗೆ ಬಂದರೂ ಸುಲಭವಿಲ್ಲ. ಸಿರಿಯಾದಲ್ಲಿ ಅರಬ್ಬಿಯಲ್ಲಿ ಗಣಿತ ಕಲಿತ ಮಕ್ಕಳಿಗೆ ಲೆಬನಾನಿನಲ್ಲಿ ಅದೇ ಗಣಿತ ಫ್ರೆಂಚ್ ಅಥವಾ ಇಂಗ್ಲಿಷಿನಲ್ಲಿ ಎದುರಾಯಿತು. ಲೆಕ್ಕ ಬರುತ್ತಿದ್ದವರೂ ದಡ್ಡರಂತೆ ಕಂಡರು. 2017ರಲ್ಲಿ ಬಾಂಗ್ಲಾದೇಶಕ್ಕೆ ಬಂದ ರೋಹಿಂಗ್ಯಾ ಮಕ್ಕಳಿಗೆ ಅಲ್ಲಿನ ಪಠ್ಯಕ್ರಮ ಕಲಿಸಲು ಅನುಮತಿ ಇರಲಿಲ್ಲ. ಕಾಕ್ಸ್ ಬಜಾರ್ ಶಿಬಿರಗಳಲ್ಲಿ ಮ್ಯಾನ್ಮಾರ್ ಪಠ್ಯಕ್ರಮ ಪ್ರಾಯೋಗಿಕವಾಗಿ ಶುರುವಾದದ್ದು 2021ರ ಕೊನೆಗೆ. ಅಲ್ಲಿಯವರೆಗೆ ಕಲಿತದ್ದು ಯಾವ ತರಗತಿಯ ಲೆಕ್ಕಕ್ಕೆ ಬರಬೇಕು?

ಹೆಡ್‌ಮಾಸ್ಟರುಗಳಿಗೆ ನಾನು ಹೇಳುವುದು ಇಷ್ಟು. ವರ್ಗಾವಣೆ ಪತ್ರ ಇಲ್ಲ ಅಂತ ವಾಪಸ್ ಕಳಿಸಬೇಡಿ, ಅದು ಮನೆಯ ಜೊತೆಗೇ ಸುಟ್ಟುಹೋಗಿರುತ್ತದೆ. ಮಗುವಿಗೆ ಬರುವ ಭಾಷೆಯಲ್ಲೇ ಸಣ್ಣ ಪರೀಕ್ಷೆ ಕೊಟ್ಟು ತರಗತಿ ನಿರ್ಧರಿಸಿ. ಪ್ರತಿ ಹಂತ ಮುಗಿದಾಗ ಸಹಿ, ಮೊಹರು ಹಾಕಿದ ಚೀಟಿ ಮನೆಯವರ ಕೈಗೆ ಕೊಡಿ, ಅದರ ಒಂದು ನಕಲನ್ನು ಬೇರೆ ಕಡೆ ಇಡಿ. ಆ ಕುಟುಂಬ ಮತ್ತೆ ಓಡಬೇಕಾಗಿ ಬರಬಹುದು.