ಉರುಳುವ ಕೊಳವೆ ಮೋಡ ಅಡ್ಡ ಮಲಗಿದ ಸುಂಟರಗಾಳಿಯೇ?

ಪ್ರಶ್ನೆ: ಸಿಡ್ನಿಯ ಕಡಲತೀರದ ಮೇಲೆ ಉದ್ದನೆಯ ಕೊಳವೆಯಂಥ ಮೋಡ ಉರುಳಿಕೊಂಡು ಬರುವ ವಿಡಿಯೊ ನೋಡಿದೆ. ಅದು ಸುಂಟರಗಾಳಿಯೇ? ಅಪಾಯವಿದೆಯೇ?

ಉತ್ತರ: ಸುಂಟರಗಾಳಿ ಅಲ್ಲ. ಸುಂಟರಗಾಳಿ ನೆಟ್ಟಗೆ ನಿಂತು ನೆಲ ಮುಟ್ಟಿ ಸುತ್ತುತ್ತದೆ. ನೀವು ನೋಡಿದ್ದು ಗಾಳಿಯಲ್ಲಿ ಎದ್ದ ಅಲೆಯೊಂದರ ನೆತ್ತಿ. ಆ ಅಲೆ ಕಣ್ಣಿಗೆ ಕಾಣುವುದಿಲ್ಲ, ಮೋಡ ಅದನ್ನು ತೋರಿಸಿಕೊಡುತ್ತದೆ.

ಬೇಸಿಗೆಯ ಸೆಕೆಯ ದಿನಗಳಲ್ಲಿ ಸಿಡ್ನಿಗೆ ದಕ್ಷಿಣದಿಂದ ಕೋಲ್ಡ್ ಫ್ರಂಟ್, ಅಂದರೆ ತಣ್ಣನೆಯ ಗಾಳಿರಾಶಿಯ ಮುಂಚೂಣಿ, ನುಗ್ಗುತ್ತದೆ. ಅಲ್ಲಿನವರು ಅದನ್ನು ‘ಸದರ್ಲಿ ಬಸ್ಟರ್’ ಎನ್ನುತ್ತಾರೆ. ಪಶ್ಚಿಮಕ್ಕೆ ಗ್ರೇಟ್ ಡಿವೈಡಿಂಗ್ ಬೆಟ್ಟಸಾಲು ಅಡ್ಡವಿರುವುದರಿಂದ ತಣ್ಣನೆಯ ಗಾಳಿ ಕರಾವಳಿಗುಂಟ ಉತ್ತರಕ್ಕೆ ಓಡುತ್ತದೆ. ಕೆಲವೇ ನಿಮಿಷಗಳಲ್ಲಿ ಉಷ್ಣಾಂಶ 10 ಡಿಗ್ರಿಗೂ ಹೆಚ್ಚು ಇಳಿಯುವುದುಂಟು. ತಣ್ಣನೆಯ ಗಾಳಿ ಭಾರ, ಹಾಗಾಗಿ ಮುಂದಿರುವ ಗಾಳಿಯ ಅಡಿಗೆ ನುಸುಳಿ ಅದನ್ನು ಮೇಲೆತ್ತುತ್ತದೆ. ಕೆಳಗೆ ತಂಪು, ಮೇಲೆ ಬಿಸಿ ಇರುವ ಪದರದಲ್ಲಿ ಹೀಗೆ ಮೇಲೇರಿದ ಗಾಳಿ ಸುತ್ತಲಿನದಕ್ಕಿಂತ ಭಾರವಾಗಿ ಮತ್ತೆ ಕೆಳಗಿಳಿಯುತ್ತದೆ, ಇಳಿದ ಭರಕ್ಕೆ ತನ್ನ ಮಟ್ಟ ದಾಟಿ ಮತ್ತೆ ಏಳುತ್ತದೆ. ಇದೇ ಗುರುತ್ವ ಅಲೆ. ಹೆಸರು ಹೋಲುತ್ತದಾದರೂ, 2015ರಲ್ಲಿ ಅಮೆರಿಕದ ಲೈಗೋ ವೀಕ್ಷಣಾಲಯ ಪತ್ತೆಹಚ್ಚಿದ, ಕಪ್ಪುಕುಳಿಗಳಿಂದ ಬಂದ ಗುರುತ್ವಾಕರ್ಷಣ ಅಲೆಗೂ ಇದಕ್ಕೂ ಸಂಬಂಧವಿಲ್ಲ.

ಆ ವಿಡಿಯೊವನ್ನು ಇನ್ನೊಮ್ಮೆ ನಿಧಾನವಾಗಿ ನೋಡಿ. ಮೋಡದ ಮುಂಭಾಗ ನುಣುಪಾಗಿರುತ್ತದೆ: ಅಲ್ಲಿ ಗಾಳಿ ಏರುತ್ತ, ತಣಿಯುತ್ತ ಹೊಸ ಮೋಡ ಕಟ್ಟುತ್ತಿರುತ್ತದೆ. ಹಿಂಭಾಗ ಹರಕು ಹರಕಾಗಿರುತ್ತದೆ: ಅಲ್ಲಿ ಗಾಳಿ ಇಳಿದು ಬೆಚ್ಚಗಾಗಿ ಮೋಡ ಕರಗುತ್ತಿರುತ್ತದೆ. ಮುಂದೆ ಹುಟ್ಟುತ್ತ ಹಿಂದೆ ಅಳಿಯುತ್ತ ಸಾಗುವುದರಿಂದ ಮೋಡ ತಾನು ಹೋಗುವ ದಿಕ್ಕಿಗೆ ವಿರುದ್ಧವಾಗಿ ಉರುಳಿದಂತೆ ಕಾಣುತ್ತದೆ.

ನನಗೆ ಇದರಲ್ಲಿ ಅತ್ಯಂತ ಸೋಜಿಗವೆನಿಸುವುದು ಬೇರೆಯೇ. ಕೆಲವೊಮ್ಮೆ ತಣ್ಣನೆಯ ಗಾಳಿ ನಿಧಾನಿಸಿದರೂ ಅದು ಎಬ್ಬಿಸಿದ ಅಲೆ ನಿಲ್ಲದೆ ಮುಂದೆ ಹೋಗುತ್ತದೆ. 1834ರಲ್ಲಿ ಸ್ಕಾಟ್ಲೆಂಡಿನ ಎಂಜಿನಿಯರ್ ಜಾನ್ ಸ್ಕಾಟ್ ರಸೆಲ್ ಕಾಲುವೆಯಲ್ಲಿ ದೋಣಿ ಥಟ್ಟನೆ ನಿಂತಾಗ ಅದರ ಮುಂದಿನ ನೀರಿನ ದಿಬ್ಬ ಒಂದೇ ಸಮನೆ ಸಾಗಿದ್ದನ್ನು ಕಂಡು ಕುದುರೆಯೇರಿ ಅದರ ಬೆನ್ನುಹತ್ತಿದ್ದರು. ಗಾಳಿಯಲ್ಲಿ ಆಗುವುದೂ ಅದೇ. ಉತ್ತರ ಆಸ್ಟ್ರೇಲಿಯಾದ ಬರ್ಕ್‌ಟೌನ್ ಬಳಿ ಸೆಪ್ಟೆಂಬರ್‌ನಿಂದ ನವೆಂಬರ್‌ವರೆಗೆ ಮುಂಜಾನೆ ಬರುವ ‘ಮಾರ್ನಿಂಗ್ ಗ್ಲೋರಿ’ ಎಂಬ ಇಂಥದೇ ಕೊಳವೆ ಮೋಡ 1000 ಕಿ.ಮೀ.ವರೆಗೂ ಚಾಚಿರುತ್ತದೆ. ಅದನ್ನು ಎಬ್ಬಿಸುವುದು ಹೆಚ್ಚಾಗಿ ಕೇಪ್ ಯಾರ್ಕ್ ಪರ್ಯಾಯ ದ್ವೀಪದ ಮೇಲೆ ಎದುರುಬದುರಾಗುವ ಕಡಲ ಗಾಳಿಗಳು. ಗ್ಲೈಡರ್ ಹಾರಿಸುವವರು ಅದರ ಮುಂಭಾಗದ ಏರುಗಾಳಿಯನ್ನೇ ನಂಬಿ ಎಂಜಿನ್ ಇಲ್ಲದೆ ಹಾರುತ್ತಾರೆ.

ಮೋಡದಿಂದ ಅಪಾಯವಿಲ್ಲ, ಜೊತೆಗೆ ಬರುವ ಗಾಳಿಯಿಂದ ಇದೆ. ಸಣ್ಣ ದೋಣಿಗೂ ಇಳಿಯುತ್ತಿರುವ ವಿಮಾನಕ್ಕೂ ಅದು ಕಷ್ಟ. ಕರ್ನಾಟಕದವರೆಗೆ ಇಂಥ ಕೋಲ್ಡ್ ಫ್ರಂಟ್ ಬರುವುದಿಲ್ಲ. ಆದರೆ ಏಪ್ರಿಲ್-ಮೇ ತಿಂಗಳ ಗುಡುಗು ಮಳೆಗೆ ಮುಂಚೆ ಕಪ್ಪು ಮೋಡದ ಬುಡದಿಂದ ಮುಂದಕ್ಕೆ ಚಾಚಿದ ಅಂಚು ಕಂಡರೆ ಅದು ಬೇರೆ ಜಾತಿ. ಕೊಳವೆ ಮೋಡ ಬಿಡಿಯಾಗಿರುತ್ತದೆ, ಈ ಅಂಚು ಮಳೆಮೋಡಕ್ಕೆ ಅಂಟಿಕೊಂಡಿರುತ್ತದೆ. ಅಂಟಿಕೊಂಡಿದ್ದರೆ ಬಿರುಗಾಳಿ, ಸಿಡಿಲು ಹಿಂದೆಯೇ ಇವೆ ಎಂದುಕೊಂಡು ಒಳಗೆ ಹೋಗಿ.